ಗಂಟೆ ಪುಸ್ತಕದ ಹನ್ನೆರಡು ಸಾಲು

ನೀರಿನ ಮೀಟರಿನ ಗಾಜಿನೊಳಗೆ ಆವಿ ಕಟ್ಟಿಕೊಂಡು ಕೊನೆಯ ಅಂಕಿ ಮೂರೋ ಎಂಟೋ ತಿಳಿಯುವಂತಿರಲಿಲ್ಲ. ಅವಳು ಗುಂಡಿಯ ಪಕ್ಕ ಮಂಡಿಯೂರಿ ಕೂತು, ಗಾಜನ್ನು ಹೆಬ್ಬೆರಳಿನಿಂದ ಒರೆಸಿ, ಟಾರ್ಚನ್ನು ಎಡದಿಂದೊಮ್ಮೆ ಬಲದಿಂದೊಮ್ಮೆ ಹಿಡಿದು ನೋಡಿದಳು. ಗೇಟಿಗೆ ಒರಗಿ ನಿಂತಿದ್ದ ಮನೆಯಾಕೆಗೆ ಬೇಸರ ಬಂದಿತ್ತು. "ಅಷ್ಟು ಹೊತ್ತು ಅದೇನು ನೋಡ್ತೀರಮ್ಮ? ಹೋದ ತಿಂಗಳದ್ದನ್ನೇ ಬರ್ಕೊಂಡು ಹೋಗಿ. ನಾವೇನು ನೀರು ಕದ್ದು ಮಾರ್ತೀವಾ?" ಎಂದಳು. "ಹಾಗಲ್ಲಮ್ಮ, ಅಂಕಿ ಕಾಣ್ತಿಲ್ಲ." "ಕಾಣದಿದ್ರೆ ಅಂದಾಜು ಹಾಕಿ. ನಿಮಗಿಂತ ಮುಂಚೆ ಬರ್ತಿದ್ದೋರು ಬೀದೀಲಿ ನಿಂತೇ ಬರ್ಕೊಂಡು ಹೋಗ್ತಿದ್ರು, ಪುಣ್ಯಾತ್ಮರು." ಒಳಗೆ ಹೋಗಿ ಒಂದು ನಲ್ಲಿ ಬಿಡಲು ಸಾಧ್ಯವೇ ಎಂದು ಅವಳು ಕೇಳಿದಳು. ಹೀಗೆ ಕೇಳುವಾಗೆಲ್ಲ ಅವಳ ಕಿವಿ ಬಿಸಿಯಾಗುತ್ತಿತ್ತು. ನೀರು ಹರಿಯಿತು, ಚಕ್ರ ತಿರುಗಿತು, ಮಸುಕಿನಲ್ಲಿ ಒಂಬತ್ತು ಮೇಲೆದ್ದಿತು. ಅಂದರೆ ಮೊದಲಿದ್ದದ್ದು ಎಂಟು. ಬರೆದುಕೊಂಡಳು, ಬರೆದದ್ದನ್ನು ಮತ್ತೆ ಓದಿದಳು. ಕಚೇರಿಯಲ್ಲಿ ಅವಳಿಗೆ 'ಇನ್ನೊಮ್ಮೆ' ಎಂದೇ ಹೆಸರು. 'ಇನ್ನೊಮ್ಮೆ ಬಂದ್ರಾ?' 'ಇನ್ನೊಮ್ಮೆ ಹೋದ್ರಾ?' ಎಂದು ಅವಳ ಬೆನ್ನ ಹಿಂದೆ ಕೇಳಿಕೊಂಡು ನಗುತ್ತಿದ್ದರು. ಕೆಲವು ಸಲ ಮುಂದೆಯೂ. ಅವಳೂ ಜೊತೆಗೆ ನಕ್ಕುಬಿಡುತ್ತಿದ್ದಳು. ಅಂದಾಜು ಎಂಬ ಮಾತು ತನಗೆ ಯಾಕಾಗದೆಂದು ಯಾರಿಗೆ ಹೇಳುವುದು?

ಬೆಳಿಗ್ಗೆ ಅಣ್ಣ ಫೋನು ಮಾಡಿದ್ದ. ಬಂದರಿನ ಪಕ್ಕದ ಸಂಜೆ ಶಾಲೆಯವರು ಅಪ್ಪನನ್ನು ಕೇಳಿದ್ದರಂತೆ. ಹಾಯಿದೋಣಿ ನಡೆಸಲು ಕಲಿಯುವವರಿಗೆ ಸಮುದ್ರದ ಮೇಲೆ ದಾರಿ ಲೆಕ್ಕ ಹಾಕುವುದನ್ನು ವಾರಕ್ಕೊಂದು ದಿನ, ಗುರುವಾರ, ಹೇಳಿಕೊಡಬೇಕಂತೆ. "ಬೇಡ ಅಂದ್ಬಿಟ್ರು ಕಣೇ," ಅಂದ ಅಣ್ಣ. "ಮೂವತ್ತೆರಡು ವರ್ಷದಿಂದ ಅದೇ ರಾಗ. 'ದ್ವೀಪ ಕಳ್ಕೊಂಡೋನು ಊರಿಗೆ ದಾರಿ ತೋರಿಸೋದಾ' ಅಂತಾರೆ. ಹೇಳಿ ತಾವೇ ನಗ್ತಾರೆ ಬೇರೆ. ಅವರೋ ಸಂಜೆ ಏಳರೊಳಗೆ ಗಟ್ಟಿಯಾಗಿ ಹೇಳಿ ಅಂದಿದ್ದಾರೆ. ನೀನು ಹೋಗಿ ಒಂದು ಮಾತು ಹೇಳು. ನಿನ್ನ ಮಾತು ಕೇಳ್ತಾರೆ." ನಾನು ಯಾಕೆ ಎಂದು ಅವಳು ಕೇಳಿದ್ದಳು. "ಯಾಕೆ ಅಂದ್ರೆ? ಆ ದೋಣೀಲಿ ಸುಳ್ಳು ಹೇಳದೆ ಇದ್ದೋಳು ನೀನೊಬ್ಬಳೇ ಅಂತ ಈಗ್ಲೂ ಹೇಳ್ತಾರಲ್ಲ, ಅದಕ್ಕೆ." ಅಣ್ಣ ನಕ್ಕು ಫೋನಿಟ್ಟ. ಅವಳು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದವಳು ಹಾಗೇ ಒಂದೇ ಕಾಲಿನಲ್ಲಿ ನಿಂತಿದ್ದಳು.

ಮುಂದಿನ ಮನೆಗೆ ಬೀಗ. ಅದರಾಚೆಯದಕ್ಕೆ ನಾಯಿ. ಆ ಓಣಿಯ ಕೊನೆಯಲ್ಲಿ ಯಾರೋ ಹೊಸ ಬಾಗಿಲಿಗೆ ಮರ ಕೊಯ್ಯುತ್ತಿದ್ದರು. ಗರಗಸದ ಸದ್ದಿಗಿಂತ ಮೊದಲು ವಾಸನೆ ಬಂತು. ಹಸಿ ಮರದ, ಸ್ವಲ್ಪ ಹುಳಿ, ಸ್ವಲ್ಪ ಸಿಹಿಯಾದ ಆ ವಾಸನೆಯಲ್ಲೇ ಅವಳು ಹುಟ್ಟಿ ಬೆಳೆದದ್ದು. ಅಪ್ಪ ಹಗಲೆಲ್ಲ ಬೇರೆಯವರ ಕಿಟಕಿ ಬಾಗಿಲು ಮಾಡಿ, ಸಂಜೆ ಕೈಕಾಲು ತೊಳೆದು, ಹಿತ್ತಲಿನ ತಗಡಿನ ಮಾಡಿನ ಕೆಳಗೆ ದೋಣಿಯ ಮುಂದೆ ನಿಲ್ಲುತ್ತಿದ್ದರು. ಒಂಬತ್ತು ವರ್ಷ. ಅವಳು ತೆವಳಿದ್ದು ಮರದ ಹೊಟ್ಟಿನ ಮೇಲೆ, ಅಕ್ಷರ ತಿದ್ದಿದ್ದು ಹಲಗೆಯ ಮೇಲೆ ಬಡಗಿ ಪೆನ್ಸಿಲಿನಲ್ಲಿ. ಅಮ್ಮ ಹೊಲಿಗೆ ಮೆಷಿನ್ನಿನ ಮುಂದೆ ಕೂತು ಹಾಯಿ ಹೊಲಿಯುವಾಗ ಬಟ್ಟೆ ಎರಡು ಕೋಣೆಗಳನ್ನೂ ತುಂಬಿಕೊಂಡು ಅಡುಗೆಮನೆಗೆ ನುಗ್ಗುತ್ತಿತ್ತು. ಹಾಯಿಯ ಕೆಳಗೆ ನುಸುಳಿ, ಆ ಬಿಳಿ ಬೆಳಕಿನಲ್ಲಿ ನಾಲ್ವರೂ ಗುಡಾರದಲ್ಲಿ ಕೂತವರಂತೆ ಊಟ ಮಾಡುತ್ತಿದ್ದರು. "ಏನ್ ಮೇಸ್ತ್ರಿ, ದೋಣಿ ಮೊದಲು ಮುಗಿಯುತ್ತೋ ನೀವು ಮೊದಲು ಮುಗೀತೀರೋ?" ಎಂದು ಪಕ್ಕದ ಮನೆಯ ಟೈಲರ್ ಬೇಲಿಯಿಂದ ಕೂಗುತ್ತಿದ್ದ. ಕೊನೆಗೆ ಮುಗಿಯಿತು. ಹೊರಗೆ ತರುವಾಗ ನೋಡಿದರೆ ದೋಣಿ ಹಿತ್ತಲಿನ ಗೇಟಿಗಿಂತ ಒಂದೂಕಾಲು ಮೊಳ ಅಗಲ. ಎಲ್ಲವನ್ನೂ ಮೂರು ಮೂರು ಸಲ ಅಳೆದ ಅಪ್ಪ ಗೇಟನ್ನು ಮಾತ್ರ ಅಳೆದಿರಲಿಲ್ಲ. ಅಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕು ನಕ್ಕು ನೆಲಕ್ಕೆ ಕೂತುಬಿಟ್ಟಿದ್ದಳು. ಟೈಲರೇ ಹಾರೆ ತಂದು ಗೋಡೆ ಒಡೆಯಲು ಮೊದಲ ಏಟು ಹಾಕಿದ್ದ.

ಆಮೇಲೆ ಎರಡು ವರ್ಷ ನೆಲ ಎನ್ನುವುದು ಅಪರೂಪಕ್ಕೆ ಭೇಟಿ ಕೊಡುವ ನೆಂಟರ ಮನೆಯಾಯಿತು. ಒಬ್ಬೊಬ್ಬರಿಗೆ ಒಂದು ಗೇಣಿನ ಕಪಾಟು. ಸ್ಟವ್ವು ತೊಟ್ಟಿಲಿನಂತೆ ತೂಗುತ್ತಿತ್ತು. ಅಮ್ಮ ಅದರ ಜೊತೆಗೇ ತೂಗುತ್ತ ಒಂದು ತೊಟ್ಟೂ ಚೆಲ್ಲದೆ ಬಡಿಸುತ್ತಿದ್ದಳು. ಒಂಬತ್ತರಿಂದ ಹನ್ನೊಂದರವರೆಗೆ ಪಾಠ. ಸಮುದ್ರ ಎಷ್ಟೇ ಕುದಿಯುತ್ತಿದ್ದರೂ ಪಾಠಕ್ಕೆ ರಜೆಯಿಲ್ಲ, ವಾಂತಿಗೆ ಮಾತ್ರ ಬಿಡುವು. ಮಳೆ ಬಂದರೆ ಸೋಪು ಹಿಡಿದು ಎಲ್ಲರೂ ಮೇಲೆ ಓಡುವುದು. ತಲೆಗೆ ಸೋಪು ಹಚ್ಚಿ ನೊರೆ ಬರುವಷ್ಟರಲ್ಲಿ ಮಳೆ ನಿಂತು ಅಣ್ಣ ಕಣ್ಣು ಮುಚ್ಚಿ ಕೂಗಾಡುವುದು. ಬೆಳಿಗ್ಗೆ ಎದ್ದವರೇ ಅಪ್ಪ ದೋಣಿಯ ಪಕ್ಕೆಗಳನ್ನು ಬೆರಳ ಗೆಣ್ಣಿನಿಂದ ತಟ್ಟಿ ತಟ್ಟಿ ಕೇಳುತ್ತಿದ್ದರು, ಮೈ ಹುಷಾರಿದೆಯಾ ಎಂದು ವಿಚಾರಿಸುವವರಂತೆ. ಮಲಗಿದರೆ ಅವಳ ಕಿವಿಗೂ ಸಮುದ್ರಕ್ಕೂ ನಡುವೆ ಅಪ್ಪ ಉಜ್ಜಿ ನಯಮಾಡಿದ ಒಂದಂಗುಲದ ಹಲಗೆ. ಅಷ್ಟು ಹತ್ತಿರದಲ್ಲಿ, ಅಷ್ಟು ಭದ್ರವಾಗಿ ಅವಳು ಆಮೇಲೆ ಎಲ್ಲೂ ಮಲಗಿಲ್ಲ. ಈಗಿನ ಬಾಡಿಗೆ ಕೋಣೆಯಲ್ಲಿ ಕೆಲವು ಬೆಳಗಿನ ಜಾವ, ಗೋಡೆಯ ಆಚೆ ಪಕ್ಕದವರ ನಲ್ಲಿ ಹರಿದರೆ, ಕಣ್ಣು ಬಿಡದೆ ಹಾಗೇ ಕೇಳುತ್ತ ಮಲಗಿರುತ್ತಾಳೆ.

ಆ ಹೊಸ ಬಾಗಿಲಿನ ಕೆಲಸದವನ ಕಾಲ ಬಳಿ ಚಕ್ಕೆಗಳು ಬಿದ್ದಿದ್ದವು. ಅವಳು ನೋಡದಂತೆ ದಾಟಿಕೊಂಡು ಹೋದಳು. ದೋಣಿಯಲ್ಲಿ ವೇಗ ಅಳೆಯುತ್ತಿದ್ದದ್ದು ಅಂಥ ಚಕ್ಕೆಗಳಿಂದ. ದೋಣಿ ಕಟ್ಟುವಾಗ ಉಳಿದ ಚೂರುಗಳನ್ನೆಲ್ಲ ಅಪ್ಪ ಒಂದು ಗೋಣಿಯಲ್ಲಿ ತುಂಬಿಸಿಟ್ಟಿದ್ದರು. ಗಂಟೆಗೊಂದು ಸಲ ಕಾವಲಿನಲ್ಲಿದ್ದವರು ದೋಣಿಯ ಮೂತಿಯ ಹತ್ತಿರ ಒಂದು ಚಕ್ಕೆಯನ್ನು ನೀರಿಗೆ ಎಸೆದು, ಅದು ಹಿಂದಿನ ತುದಿ ದಾಟುವವರೆಗೆ ಎಣಿಸಬೇಕು. ನಾಲ್ಕು ಎಣಿಸುವುದರೊಳಗೆ ದಾಟಿದರೆ ಗಂಟೆಗೆ ಐದು ಮೈಲಿ, ಐದು ಎಣಿಸಿದರೆ ನಾಲ್ಕು, ಏಳಕ್ಕೆ ಹೋದರೆ ಮೂರೂ ಇಲ್ಲ. ಅದನ್ನು ದಿಕ್ಕಿನ ಜೊತೆ ಗಂಟೆ ಪುಸ್ತಕದಲ್ಲಿ ಬರೆಯಬೇಕು. ಸೂರ್ಯ ಕಾಣುವ ದಿನ ಅಪ್ಪ ಅವನ ಎತ್ತರ ಅಳೆದು ಎಲ್ಲಿದ್ದೇವೆಂದು ಹೇಳಬಲ್ಲರು. ಮೋಡ ಕವಿದ ದಿನ ಗಂಟೆ ಪುಸ್ತಕವೇ ಕಣ್ಣು. ಹನ್ನೊಂದು ವರ್ಷಕ್ಕೆ ಅವಳಿಗೂ ಕಾವಲು ಸಿಕ್ಕಿತು, ಮಧ್ಯಾಹ್ನ ಎರಡರಿಂದ ಆರು. ಸಿಕ್ಕಿದ ದಿನ ಅಪ್ಪ ಅವಳ ಕೈ ಕುಲುಕಿದ್ದರು, ದೊಡ್ಡವರ ಹಾಗೆ. ಗೋಣಿಯ ತಳ ಕಾಣತೊಡಗಿದ್ದು ಆಗಲೇ. ಕೈ ಹಾಕಿದರೆ ಸಿಗುತ್ತಿದ್ದ ಒಂದೊಂದು ಚಕ್ಕೆಯೂ ಅವಳಿಗೆ ಗುರುತು ಸಿಗುತ್ತಿತ್ತು. ಒಂದರ ಮೇಲೆ ಅಪ್ಪನ ಪೆನ್ಸಿಲ್ ಗುರುತು, ಒಂದರ ಮೇಲೆ ಅಣ್ಣ ಕೊರೆದ ಮೀಸೆಯ ಮುಖ. ಮೂಗಿಗೆ ಹಿಡಿದರೆ ತಗಡಿನ ಮಾಡು, ಬೇಲಿ, ಟೈಲರನ ಕೂಗು ಎಲ್ಲವೂ ಅದರಲ್ಲೇ. ಇವೂ ಮುಗಿದರೆ ಮನೆ ಎನ್ನುವುದು ಪೂರ್ತಿ ನೀರಿಗೆ ಹೋದ ಹಾಗೆ ಎಂದು ಅವಳಿಗೆ ಅನ್ನಿಸಿತು. ಯಾರಿಗಾದರೂ ಹೇಳಿದ್ದರೆ ಅಪ್ಪ ಬೇರೇನಾದರೂ ಎಸೆಯಲು ಕೊಡುತ್ತಿದ್ದರು, ಕಾಗದದ ಉಂಡೆಯಾದರೂ ಸಾಕಿತ್ತು. ಹೇಳಲು ನಾಚಿಕೆ. ಮೂರು ಮಧ್ಯಾಹ್ನ, ಹನ್ನೆರಡು ಗಂಟೆ, ಅವಳು ಚಕ್ಕೆ ಎಸೆಯಲಿಲ್ಲ. ತೆಗೆದು, ಮೂಸಿ, ಕಪಾಟಿನ ಬಟ್ಟೆಗಳ ಸಂದಿಗೆ ಸೇರಿಸಿ, ಪುಸ್ತಕದಲ್ಲಿ ಐದು ಎಂದು ಬರೆದಳು. ಹನ್ನೆರಡು ಸಲವೂ ಐದು. ಐದು ಅಪ್ಪನಿಗೆ ಇಷ್ಟದ ಅಂಕಿ.

ಸೂರ್ಯ ಮುಖ ತೋರಿಸದೆ ಇದ್ದದ್ದೂ ಅದೇ ದಿನಗಳು. ಮೋಡ ಕವಿದ ಐದನೆಯ ಬೆಳಿಗ್ಗೆ ಎಡಗಡೆ ದ್ವೀಪ ಕಾಣಬೇಕಿತ್ತು. ಅಲ್ಲಿ ನೀರು ತುಂಬಿಸಿಕೊಳ್ಳುವುದೆಂದು ಲೆಕ್ಕ. ಕಂಡದ್ದು ಬರೀ ಮಬ್ಬು. ಮಧ್ಯಾಹ್ನದವರೆಗೆ ಕಾದು ಅಪ್ಪ ಮಬ್ಬಿನಲ್ಲಿ ಅದನ್ನು ದಾಟಿ ಬಂದಿದ್ದೇವೆಂದು ತೀರ್ಮಾನಿಸಿ ದೋಣಿ ತಿರುಗಿಸಿದರು. ಎರಡು ದಿನ ಹಿಂದಕ್ಕೆ, ಅತ್ತ, ಇತ್ತ. ನೀರು ಅರ್ಧ ಲೋಟಕ್ಕೆ ಬಂತು, ಆಮೇಲೆ ಕಾಲು ಲೋಟಕ್ಕೆ. ಅಮ್ಮ ತುಟಿಗೆ ಎಣ್ಣೆ ಹಚ್ಚಿಕೊಂಡು ತನ್ನ ಪಾಲನ್ನು ಇವಳ ಲೋಟಕ್ಕೆ ಬಗ್ಗಿಸುತ್ತಿದ್ದಳು. ಇವಳು ಕುಡಿಯುತ್ತಿದ್ದಳು. ಈಗಲೂ ಆ ನೀರು ಗಂಟಲಲ್ಲಿ ಇಳಿಯುವುದು ನೆನಪಿದೆ. ಅಷ್ಟು ರುಚಿಯಾದ ನೀರನ್ನು ಅವಳು ಇಷ್ಟು ಸಾವಿರ ಮೀಟರುಗಳಲ್ಲಿ ಅಳೆದಿಲ್ಲ. ಮೂರನೆಯ ದಿನ ಒಂದು ಸರಕಿನ ಹಡಗು ಸಿಕ್ಕಿತು. ಅಪ್ಪ ಟೋಪಿ ತೆಗೆದು, ಕತ್ತು ಎತ್ತಿ, ನಾವು ಎಲ್ಲಿದ್ದೇವೆ ಎಂದು ಕೂಗಿ ಕೇಳಿದರು. ಮೇಲೆ ಕಂಬಿಗೆ ಒರಗಿದ್ದವರಲ್ಲಿ ಇಬ್ಬರು ನಕ್ಕರು, ಕೆಟ್ಟ ನಗುವಲ್ಲ, ಆದರೂ ನಕ್ಕರು. ಅವರು ಹೇಳಿದ ಪ್ರಕಾರ, ತಿರುಗದೆ ಮೊದಲಿನ ದಿಕ್ಕಿನಲ್ಲೇ ಇನ್ನು ಎಂಟು ಗಂಟೆ ಹೋಗಿದ್ದರೆ ದ್ವೀಪ ಸಿಗುತ್ತಿತ್ತು. ಆ ಸಂಜೆ ಅಪ್ಪ ಗಂಟೆ ಪುಸ್ತಕವನ್ನು ಮೂರು ಸಲ ಕೂಡಿ ಕಳೆದು, "ಲೆಕ್ಕ ಸರಿಯಿದೆ. ಹಾಗಾದ್ರೆ ನಾನೇ ಸರಿಯಿಲ್ಲ" ಅಂದರು. ಅವಳು ಎದುರಿಗೇ ಕೂತಿದ್ದಳು. ಬಾಯಿ ತೆರೆದಳು. ಅಷ್ಟರಲ್ಲಿ ಅಮ್ಮ "ಮಲಕ್ಕೋ ಹೋಗು" ಅಂದಳು, ಅವಳು ಮಲಗಲು ಹೋದಳು. ಮುಂದಿನ ಬಂದರಿನಲ್ಲಿ ದೋಣಿ ಮಾರಿದರು. ಅವಳು ಹನ್ನೆರಡು ಚಕ್ಕೆಗಳನ್ನೂ ಕಟ್ಟೆಯಿಂದ ನೀರಿಗೆ ಸುರಿದಳು. ಅವು ಹೋಗಲೇ ಇಲ್ಲ. ತಾಯಿಯನ್ನು ಬಿಡದ ಮರಿಗಳಂತೆ ಬಂದು ಬಂದು ದೋಣಿಯ ಮೈಗೆ ಒತ್ತಿಕೊಂಡವು. ಕಟ್ಟೆಯ ಮೇಲೆ ಬೋರಲು ಮಲಗಿ ಅವಳು ಹುಟ್ಟುಗೋಲಿನಿಂದ ಅವನ್ನು ನೂಕಿದಳು, ನೂಕಿದಳು.

ಇಪ್ಪತ್ತಾರನೆಯ ವಯಸ್ಸಿನಲ್ಲಿ ಸಂಜೆ ಕಾಲೇಜಿಗೆ ಸೇರಿದಾಗ, ಒಂದು ದಿನ ಮೇಷ್ಟ್ರು ವೇಗ, ಕಾಲ, ದೂರ ಎಂದು ಬೋರ್ಡಿನ ಮೇಲೆ ಬರೆದರು. ಅವಳು ಮನೆಗೆ ಹೋಗುವ ಬಸ್ಸು ಬಿಟ್ಟು ನಿಲ್ದಾಣದ ಬೆಂಚಿನಲ್ಲಿ ಕೂತು ಲೆಕ್ಕ ಮಾಡಿದಳು. ಆ ಹನ್ನೆರಡು ಗಂಟೆ ಐದರ ಬದಲು ಮೂರು ಎಂದು ಹಿಡಿದರೆ ಇಪ್ಪತ್ತನಾಲ್ಕು ಮೈಲಿ ವ್ಯತ್ಯಾಸ. ಮೂರರ ವೇಗದಲ್ಲಿ ಸರಿಯಾಗಿ ಎಂಟು ಗಂಟೆ. ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಿಲ್ಲ. ಆವತ್ತಿನಿಂದ ಅವಳು ಈ ಲೆಕ್ಕವನ್ನು ಎಷ್ಟು ಸಲ ಮಾಡಿದ್ದಾಳೋ. ಹೇಳಬೇಕೆಂದು ಅಪ್ಪನ ಮನೆಯ ಮೆಟ್ಟಿಲು ಎಷ್ಟು ಸಲ ಹತ್ತಿದ್ದಾಳೋ. ಹತ್ತಿ, ಚಹಾ ಕುಡಿದು ಇಳಿದಿದ್ದಾಳೆ.

ಇವತ್ತು ಅಮ್ಮನೇ ಬಾಗಿಲು ತೆಗೆದಳು. "ನಮ್ಮನ್ನ ನೋಡಕ್ಕೆ ಬಂದ್ಯೋ, ನಮ್ಮ ಮೀಟರ್ ನೋಡಕ್ಕೆ ಬಂದ್ಯೋ? ಆ ಚೀಲ ಹೊರಗಿಡು, ಬರೀ ಕೆಸರು." ಒಳಗೆ ಅಪ್ಪ ಕನ್ನಡಕ ಹುಡುಕುತ್ತ ದಿಂಬು ಎತ್ತಿ ಎತ್ತಿ ನೋಡುತ್ತಿದ್ದರು. "ಆ ದ್ವೀಪದ ಪಕ್ಕದಲ್ಲೇ ಎಲ್ಲೋ ಇರುತ್ತೆ, ಸರಿಯಾಗಿ ನೋಡ್ರೀ," ಅಂದಳು ಅಮ್ಮ. ಈ ಮನೆಯಲ್ಲಿ ಏನು ಕಳೆದರೂ ಅದೇ ಮಾತು. ಅಪ್ಪ ಎಂದಿನಂತೆ ನಕ್ಕರು. ಅವಳು ಅಡುಗೆಮನೆಯ ಟೇಬಲ್ಲಿನ ಹತ್ತಿರ ನಿಂತೇ ಇದ್ದಳು. ಕೂತರೆ ಚಹಾ ಬರುತ್ತದೆ, ಚಹಾ ಬಂದರೆ ಮಾತು ಬೇರೆ ಕಡೆ ಹೋಗುತ್ತದೆ.

"ಅಪ್ಪ, ಗುರುವಾರದ ಪಾಠಕ್ಕೆ ಒಪ್ಕೊಳ್ಳಿ."

"ಓಹೋ, ನಿನ್ನನ್ನ ಛೂ ಬಿಟ್ನಾ ಅವನು? ಬೇಡ ಮಗೂ. ನನ್ನ ನಂಬಿ ನಾಲ್ಕು ಜನ ಸಮುದ್ರಕ್ಕೆ ಹೋದ್ರೆ ಆ ಪಾಪ ಯಾರಿಗೆ?"

"ಆವತ್ತು ನಿಮ್ಮ ತಪ್ಪಲ್ಲ ಅದು. ನಾನು ಚಕ್ಕೆ ಎಸೀಲಿಲ್ಲ." ಅವಳ ದನಿ ಅವಳಿಗೇ ಯಾರದೋ ಮನೆಯ ಕರೆಗಂಟೆಯಂತೆ ಕೇಳಿಸಿತು. "ಮೂರು ದಿನ. ಎಸೀದೆ ಐದು ಅಂತ ಬರ್ದೆ. ಚಕ್ಕೆ ಮುಗಿದುಹೋಗ್ತವೆ ಅಂತ ಬಚ್ಚಿಟ್ಕೊಂಡೆ."

ಒಲೆಯ ಮುಂದಿದ್ದ ಅಮ್ಮ ಉರಿ ಆರಿಸಿದಳು. ಅಪ್ಪ ದಿಂಬನ್ನು ಕೈಯಲ್ಲಿ ಹಿಡಿದುಕೊಂಡೇ ಅವಳನ್ನು ನೋಡಿದರು. ಆಮೇಲೆ ಅದನ್ನು ಜೋಪಾನವಾಗಿ ಇಟ್ಟು, ಒಳಕೋಣೆಗೆ ಹೋಗಿ, ಗಂಟೆ ಪುಸ್ತಕವನ್ನೂ ಸುತ್ತಿಟ್ಟ ನಕ್ಷೆಯನ್ನೂ ತಂದರು. ಪುಸ್ತಕ ತಾನಾಗಿಯೇ ಆ ಪುಟಕ್ಕೆ ತೆರೆದುಕೊಂಡಿತು. ಎಷ್ಟು ಸಲ ತೆರೆದಿದ್ದರೋ. ಹೊಟ್ಟೆ ಉಬ್ಬಿದ ಅವಳ ಐದುಗಳು ಒಂದರ ಕೆಳಗೊಂದು ಸಾಲಾಗಿ ನಿಂತಿದ್ದವು. ಅಪ್ಪನ ಮುಖದಲ್ಲಿ ಕೋಪವಿರಲಿಲ್ಲ. ಅವಳು ಮೂವತ್ತೆರಡು ವರ್ಷದಿಂದ ಹೆದರಿಕೊಂಡಿದ್ದ ಆ ಕೋಪವನ್ನು ಎಲ್ಲಿ ಹುಡುಕಿದರೂ ಕಾಣಲಿಲ್ಲ. ಇದ್ದದ್ದು ಹಿತ್ತಲಿನಲ್ಲಿ ಹಲಗೆಗೆ ಹಲಗೆ ಕೂಡಿದಾಗ ಕಾಣುತ್ತಿದ್ದ ಮುಖ. "ಕನ್ನಡಕ ಬೇಡ, ನೀನೇ ಹೇಳು," ಎಂದರು ಪೆನ್ಸಿಲ್ ಎತ್ತಿಕೊಂಡು. "ನಿಜಕ್ಕೆ ಎಷ್ಟಿತ್ತು?"

ಆ ಅಂಕಿ ಅವಳ ನಾಲಿಗೆಯ ಮೇಲೇ ಇತ್ತು. "ಮೂರು," ಅಂದಳು.

"ಮೂರು!" ಅಪ್ಪನ ಪೆನ್ಸಿಲ್ ಓಡಿತು. "ಇಪ್ಪತ್ನಾಲ್ಕು ಮೈಲಿ. ಎಂಟು ಗಂಟೆ! ನೋಡೇ ಇಲ್ಲಿ, ನೋಡು ಬಾ, ಲೆಕ್ಕ ಸರಿಯಿತ್ತು ಕಣೇ! ನಾನೂ ಸರಿಯಿದ್ದೆ!"

ಅಮ್ಮ ಬರಲಿಲ್ಲ. ಅವರ ಕಡೆಗೆ ಬೆನ್ನು ಮಾಡಿ, ತೊಳೆದಿಟ್ಟಿದ್ದ ಲೋಟವನ್ನೇ ಮತ್ತೆ ತೊಳೆಯುತ್ತಿದ್ದಳು. "ಮಾರೋಣ ಅಂದೋಳು ನಾನು," ಅಂದಳು. "ಇವರಲ್ಲ. ಆ ಹಡಗಿನೋರ ಮುಂದೆ ಇವರು ಟೋಪಿ ತೆಗೆದ್ರಲ್ಲ, ಆವಾಗ ಅನ್ನಿಸ್ತು, ಇನ್ನು ಇವರ ಕೈಲಿ ಮಕ್ಕಳನ್ನ ಬಿಡಬಾರದು ಅಂತ. ನನಗೇನು ನೆಲದ ಆಸೆ ಇತ್ತು ಅಂದ್ಕೊಂಡ್ರಾ? ಆ ಎರಡು ವರ್ಷ ಬಿಟ್ರೆ ನನಗೆ ಸರಿಯಾಗಿ ನಿದ್ದೆ ಬಂದಿದ್ದೇ ಇಲ್ಲ." ಲೋಟ ಬೋರಲು ಹಾಕಿ ಮಗಳ ಕಡೆ ತಿರುಗಿದಳು. ಕಣ್ಣು ಒಣಗಿದ್ದವು. "ಆವತ್ತೇ ಹೇಳಿದ್ರೆ ಏನಾಗ್ತಿತ್ತು? ನಾಲ್ಕು ಹೊಡೀತಿದ್ದೆ. ಹೊಡೆದು, ದೋಣಿ ಹತ್ತಿಸ್ತಿದ್ದೆ. ಅಷ್ಟೇ ಅಲ್ವೇನೇ?"

ಅವಳಿಗೆ ದೋಣಿ ಮಾರಿದ ದಿನದ ಕಟ್ಟೆ ನೆನಪಾಯಿತು. ಗಂಟು ಹೊತ್ತು ಮುಂದೆ ಮುಂದೆ ನಡೆದ ಅಮ್ಮ ಒಂದು ಸಲವೂ ತಿರುಗಿ ನೋಡಿರಲಿಲ್ಲ. ಬಿಡುಗಡೆಯಾದವರ ನಡಿಗೆ ಎಂದುಕೊಂಡಿದ್ದಳು, ಇಷ್ಟು ವರ್ಷ. ಅಪ್ಪನ ಪೆನ್ಸಿಲ್ ನಿಂತಿತ್ತು. ಅವರು ತಾವೇ ಬರೆದ ಮೂರುಗಳ ಸಾಲನ್ನು ದೂರ ಹಿಡಿದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು.

"ಹನ್ನೆರಡು ಗಂಟೇನೂ ಮೂರೇನಾ?"

"ಹೂಂ."

"ಒಂದು ಸಲಾನೂ ಎರಡೂವರೆ ಇಲ್ಲ, ನಾಲ್ಕಿಲ್ಲ?" ಅಪ್ಪ ಮೆಲ್ಲಗೆ ನಕ್ಕರು. "ಗಾಳಿಗೆ ಅಷ್ಟು ಶಿಸ್ತಿಲ್ಲ ಕಣೇ ಮಗೂ."

ಕಿವಿ, ಕೆನ್ನೆ, ಕತ್ತು ಎಲ್ಲ ಬಿಸಿಯಾದವು. ನಲವತ್ತಮೂರು ವರ್ಷದ ಹೆಂಗಸು, ಎರಡನೆಯ ಸಲ ಅದೇ ಪುಸ್ತಕದಲ್ಲಿ, ಅದೇ ಸಾಲಿನಲ್ಲಿ ಸುಳ್ಳು ಬರೆಸಿದ್ದಳು. "ಗೊತ್ತಿಲ್ಲ ಅಪ್ಪ," ಅಂದಳು. "ಮೂರು ಅಂದ್ರೆ ನಿಮ್ಮ ಲೆಕ್ಕ ಸರಿಹೋಗುತ್ತೆ, ಅದಕ್ಕೆ ಅಂದೆ. ಎಷ್ಟಿತ್ತೋ ನನಗೆ ಗೊತ್ತಿಲ್ಲ. ನಾನು ನೋಡ್ಲೇ ಇಲ್ಲ."

"ಅದೇ ಮತ್ತೆ," ಅಂದರು ಅಪ್ಪ. ಪುಟವನ್ನು ಸವರಿದರು. "ಈ ಐದುಗಳನ್ನ ನೋಡಿ ಆವತ್ತು ನಾನೇನಂದೆ ಗೊತ್ತಾ? ಅಣ್ಣನ ಕಾವಲಲ್ಲಿ ಮೂರು, ಅಮ್ಮನ ಕಾವಲಲ್ಲಿ ಮೂರೂವರೆ, ನಿಂದು ಮಾತ್ರ ಐದು. ನೋಡು, ನಮ್ಮ ಹುಡುಗಿ ಹೇಗೆ ಒಂದೇ ಸಮ ಓಡಿಸ್ತಿದಾಳೆ ಅಂತ ಅಮ್ಮನ ಹತ್ರ ಹೇಳ್ಕೊಂಡೆ. ಬೇರೆ ಯಾರು ಬರೆದಿದ್ರೂ ಎದ್ದು ಹೋಗಿ ಕೇಳ್ತಿದ್ದೆ. ನನಗೆ ಐದು ಬೇಕಾಗಿತ್ತು, ನೀನು ಕೊಟ್ಟೆ." ಅವರು ನಕ್ಷೆಯನ್ನು ಟೇಬಲ್ಲಿನ ಮೇಲೆ ಬಿಡಿಸಿದರು. ನೀಲಿ ಬಣ್ಣ ಹೋಗಿ ಬೂದಿಯಾಗಿತ್ತು. ಆ ಬೆಳಿಗ್ಗೆ ಇಟ್ಟ ಚುಕ್ಕೆ, ಪೆನ್ಸಿಲಿನ ಮೊನೆ ಊರಿ ಕಾಗದ ತೂತಾಗಿದ್ದ ಚುಕ್ಕೆ, ಹಾಗೇ ಇತ್ತು. ಅಪ್ಪ ಗಂಟೆಗೆ ಎರಡೆಂದು ಒಂದು ಕಡೆ ಗುರುತು ಹಾಕಿದರು, ಐದೆಂದು ಇನ್ನೊಂದು ಕಡೆ. ಪ್ರವಾಹಕ್ಕೆ ಅಷ್ಟು, ಚುಕ್ಕಾಣಿ ಹಿಡಿದವರ ಅಲುಗಾಟಕ್ಕೆ ಇಷ್ಟು ಎಂದು ಗೊಣಗುತ್ತ, ಎಲ್ಲವನ್ನೂ ಸುತ್ತಿ ಮೊಟ್ಟೆಯಾಕಾರದ ಒಂದು ಗೆರೆ ಎಳೆದರು.

"ಇದರೊಳಗೆ ಎಲ್ಲೋ ಇದ್ವಿ. ನಾಲ್ಕೂ ಜನ."

ಅಮ್ಮ ಯಾವಾಗ ಬಂದು ಹಿಂದೆ ನಿಂತಿದ್ದಳೋ. "ಇಷ್ಟು ದೊಡ್ಡದಾ?" ಅಂದಳು.

"ಇಷ್ಟು ದೊಡ್ಡದೇ."

"ಎಲ್ಲಿ ಅಂತ ಸರಿಯಾಗಿ ಹೇಳಕ್ಕಾಗಲ್ವಾ?"

"ಆಗಲ್ಲ. ಆಗುತ್ತೆ ಅಂದ್ಕೊಂಡು ಚುಕ್ಕೆ ಇಟ್ಟೆನಲ್ಲ, ಅದೇ ತಪ್ಪಾಗಿದ್ದು."

ಅಮ್ಮ ಬಗ್ಗಿ ಒದ್ದೆ ಬೆರಳನ್ನು ಗೆರೆಯ ಗುಂಟ ನಡೆಸಿಕೊಂಡು ಹೋಗಿ ಒಂದು ಕಡೆ ನಿಲ್ಲಿಸಿದಳು. "ಅಯ್ಯೋ ಶಿವನೇ, ದ್ವೀಪಾನೂ ಒಳಗೇ ಇದೆಯಲ್ರೀ."

"ಒಳಗೇ ಇದೆ," ಅಂದರು ಅಪ್ಪ. ಕೆಳಗೆ ಬೀದಿಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. "ಗೆರೆ ಎಳೆದಿದ್ರೆ ತಿರುಗ್ತಾನೇ ಇರ್ಲಿಲ್ಲ. ಇನ್ನೊಂದು ದಿನ ಅದೇ ದಾರೀಲಿ ಹೋಗಿ ನೋಡ್ತಿದ್ದೆ." ಪೆನ್ಸಿಲಿನಿಂದ ಗಲ್ಲ ಕೆರೆದುಕೊಂಡರು. "ಇಷ್ಟನ್ನ ಬೇಕಾದ್ರೆ ಯಾರಿಗಾದ್ರೂ ಹೇಳ್ಕೊಡಬಹುದು."

"ಹೇಳ್ಕೊಡಿ. ಆದ್ರೆ ಗುರುವಾರ ಆ ತೋಳು ಹರಿದ ಅಂಗಿ ಹಾಕ್ಕೊಂಡು ಹೊರಟ್ರೆ ಬಾಗಿಲಲ್ಲೇ ತಡೀತೀನಿ." ಅಮ್ಮ ನಕ್ಷೆಯಿಂದ ಕಣ್ಣೆತ್ತಿರಲಿಲ್ಲ. ಮೂಲೆಗಳು ಸುರುಳಿ ಸುತ್ತಿಕೊಳ್ಳುತ್ತಿದ್ದವು. "ನೀನೇನು ಕಂಬದ ಹಾಗೆ ನಿಂತಿದೀಯ? ಈ ಕಡೆ ಹಿಡ್ಕೊ ಬಾ, ಕಾಣಿಸ್ತಿಲ್ಲ ನನಗೆ."

ಅವಳು ಹೋಗಿ ಮೂಲೆಯನ್ನು ಅಂಗೈಯಿಂದ ಒತ್ತಿ ಹಿಡಿದಳು. ಅಮ್ಮ ಮುಂದಕ್ಕೆ ಬಗ್ಗಿ, ಆವತ್ತು ಮೂರನೆಯ ದಿನ ಹಡಗು ಸಿಕ್ಕಿದ್ದೆಲ್ಲಿ, ಮಳೆಯಲ್ಲಿ ತಲೆ ತೊಳೆದದ್ದೆಲ್ಲಿ ಎಂದು ಅಪ್ಪನನ್ನು ಒಂದೊಂದಾಗಿ ಕೇಳತೊಡಗಿದಳು. ಕೇಳುತ್ತ ಕೇಳುತ್ತ ಅಮ್ಮನ ಒದ್ದೆ ಮೊಣಕೈ ಮಗಳ ಮೊಣಕೈಗೆ ತಾಗಿತು. ತಾಗಿದ್ದು ಹಿಂದೆ ಸರಿಯಲಿಲ್ಲ. ಬೇಕೆಂದೇ ಇಟ್ಟದ್ದೋ, ಟೇಬಲ್ಲು ಚಿಕ್ಕದೆಂದು ತಾಗಿದ್ದೋ ಎಂದು ಅವಳು ತಿರುಗಿ ನೋಡಲು ಹೋಗಲಿಲ್ಲ.